ಹಂಡೆಯೋ ಬಾವಿಯೋ: ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಹೋದರೆ ಏನನ್ನು ನಂಬಿಕೊಳ್ಳಬೇಕು?

ಪ್ರತಿ ವರ್ಷ ಏಪ್ರಿಲ್ ಕೊನೆಗೆ ಮೊದಲ ಗುಡುಗು ಕೇಳುತ್ತಿದ್ದಂತೆ ನನಗೆ ಫೋನ್ ಬರಲು ಶುರುವಾಗುತ್ತದೆ. "ಯುಪಿಎಸ್ ದೊಡ್ಡದು ಹಾಕಿಸಲಾ? ಜನರೇಟರ್ ತಗೊಂಡುಬಿಡಲಾ? ಸೋಲಾರ್ ಹಾಕಿಸಿದ್ರೆ ಎಲ್ಲಾ ಮುಗೀತಲ್ಲ?" ಕೇಳುವವರು ಹೆಚ್ಚಾಗಿ ಮಲೆನಾಡು, ಕೊಡಗು, ಕರಾವಳಿ ಕಡೆಯವರು. 2019ರ ನೆರೆಯ ನಂತರ ಕೃಷ್ಣಾ, ಘಟಪ್ರಭಾ ದಡದ ಊರಿನವರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಎರಡು ಗಂಟೆ ಕರೆಂಟ್ ಹೋಗುವುದು ಬೇರೆ, ಎಂಟು ದಿನ ಹೋಗುವುದು ಬೇರೆ. ಅಂಗಡಿಯಲ್ಲಿ ನಮಗೆ ತೋರಿಸುವ ಸಾಮಾನೆಲ್ಲ ಮೊದಲನೆಯದಕ್ಕೆ ಮಾಡಿದ್ದು. 2019ರ ಆಗಸ್ಟ್‌ನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಂಬತ್ತು ದಿನ ಕರೆಂಟ್ ಇರಲಿಲ್ಲ. ಎರಡನೇ ದಿನ ಬೆಳಿಗ್ಗೆ ಯುಪಿಎಸ್ ಕೂಗಿ ಕೂಗಿ ಸುಮ್ಮನಾಯಿತು. ಮೂರನೇ ದಿನ ಮೊಬೈಲ್ ಟವರ್ ಸತ್ತಿತು. ಅದಕ್ಕೆ ಡೀಸೆಲ್ ತರುವ ಗಾಡಿಗೂ ದಾರಿ ಇರಲಿಲ್ಲ. ಅಮ್ಮನ ಇನ್ಸುಲಿನ್ ಶೀಶೆಗಳನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿಟ್ಟು, ದಿನಕ್ಕೆ ಮೂರು ಸಲ ಬಟ್ಟೆ ನೆನೆಸುತ್ತಿದ್ದೆವು. ಆ ಒಂಬತ್ತು ದಿನದಲ್ಲಿ ನನಗೆ ತಿಳಿದದ್ದು ಇಷ್ಟು: ಬ್ಯಾಟರಿ ಎನ್ನುವುದು ಬಚ್ಚಲಿನ ಹಂಡೆ. ತುಂಬಿಸಿಟ್ಟಷ್ಟೇ ನೀರು, ತೋಡಿದ ಮೇಲೆ ಖಾಲಿ. ಜನರೇಟರ್, ಸೋಲಾರ್, ಹಳ್ಳದ ನೀರಿನ ಟರ್ಬೈನ್ ಇವೆಲ್ಲ ಬಾವಿಗಳು. ಒಂದೊಂದರ ಸೆಲೆ ಒಂದೊಂದು ಕಾಲಕ್ಕೆ ಬತ್ತುತ್ತದೆ. ಹಂಡೆ ಮಾತ್ರ ಕೊಂಡವರು ವಾರದ ಕತ್ತಲೆಗೆ ಸಿಕ್ಕಿಬೀಳುತ್ತಾರೆ.

ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಎಲ್ಲಕ್ಕಿಂತ ಮೊದಲು ದಿನಗಳ ಲೆಕ್ಕ. ನಿಮ್ಮ ಊರಿನಲ್ಲಿ ಕಳೆದ ಹತ್ತು ವರ್ಷದಲ್ಲಿ ಒಮ್ಮೆ ಹೋದ ಕರೆಂಟ್ ಬಾರದೆ ಇದ್ದದ್ದು ಹೆಚ್ಚೆಂದರೆ ಎಷ್ಟು ದಿನ? ಇದಕ್ಕೆ ಉತ್ತರ ಲೈನ್‌ಮನ್ ಹತ್ತಿರ ಸಿಗುತ್ತದೆ. ಮರ ಬಿದ್ದು ತಂತಿ ಹರಿದರೆ ಮೊದಲು 33 ಕೆವಿ ಲೈನ್ ಸರಿಯಾಗಬೇಕು, ಆಮೇಲೆ 11 ಕೆವಿ ಫೀಡರ್ (ಊರುಗಳಿಗೆ ಕರೆಂಟ್ ಹಂಚುವ ಲೈನ್), ಆಮೇಲೆ ನಿಮ್ಮ ಟೀಸಿ, ಅಂದರೆ ಊರಿನ ಟ್ರಾನ್ಸ್‌ಫಾರ್ಮರ್, ಕೊನೆಗೆ ನಿಮ್ಮ ಮನೆಯ ಸರ್ವಿಸ್ ವಯರ್. ಆಸ್ಪತ್ರೆ, ಕುಡಿಯುವ ನೀರು, ಪೇಟೆ ಆದ ಮೇಲೆ ಹಳ್ಳಿ. ಹಳ್ಳಿಯಲ್ಲೂ ತೋಟದ ನಡುವಿನ ಒಂಟಿ ಮನೆ ಕೊನೆ. ಆ ಸರದಿಯಲ್ಲಿ ನಿಮ್ಮ ಟೀಸಿ ಎಷ್ಟನೆಯದು ಎನ್ನುವುದೇ ನಿಮ್ಮ ದಿನಗಳ ಲೆಕ್ಕ. ಕಾಡಿನೊಳಗೆ ಹಾದುಬರುವ ಒಂದೇ ಫೀಡರ್‌ನ ಬಾಲದಲ್ಲಿದ್ದೀರಿ ಅಂದರೆ ಒಂದು ವಾರಕ್ಕೆ ಕಮ್ಮಿ ಹಿಡಿಯಬೇಡಿ. ಪೋರ್ಟೊರಿಕೊ ದ್ವೀಪದಲ್ಲಿ 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಬಂದು ಹೋದ ಮೇಲೆ ಕೊನೆಯ ಮನೆಗಳಿಗೆ ಕರೆಂಟ್ ಬರಲು ಸುಮಾರು 11 ತಿಂಗಳು ಹಿಡಿಯಿತು. ಅಲ್ಲಿಯೂ ಕೊನೆಗೆ ಉಳಿದದ್ದು ಗುಡ್ಡಗಾಡಿನ ಮನೆಗಳೇ.

ಇನ್ನೊಂದು, ನಷ್ಟದ ಲೆಕ್ಕ. ಕರೆಂಟಿನ ಬೆಲೆ ಬೇರೆ, ಕರೆಂಟ್ ಇಲ್ಲದಿರುವುದರ ಬೆಲೆ ಬೇರೆ. ಇಡೀ ಮಾರ್ಗದರ್ಶಿ ನಿಂತಿರುವುದೇ ಇದರ ಮೇಲೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿದ್ಯುತ್ ಕಂಪನಿಯ ಪುಸ್ತಕದಲ್ಲಿ ನಷ್ಟ ಎಂದರೆ ಬಿದ್ದ ಕಂಬ, ಸುಟ್ಟ ಟೀಸಿ, ಮಾರಾಟವಾಗದೆ ಉಳಿದ ಯೂನಿಟ್. ನಮ್ಮ ನಷ್ಟ ಅಲ್ಲೆಲ್ಲೂ ಬರುವುದಿಲ್ಲ.

ನಮಗೆ ಹತ್ತಿರದ ಒಂದು ಊರಿನ ಹಾಲಿನ ಸಂಘವನ್ನೇ ನೋಡಿ. ಬೆಳಿಗ್ಗೆ 500 ಲೀಟರ್ ಹಾಲು ಬರುತ್ತದೆ. ಕರೆದ ಬಿಸಿಯಲ್ಲಿರುವ ಹಾಲನ್ನು 4 ಡಿಗ್ರಿಗೆ ಇಳಿಸಲು ಕೂಲರ್‌ಗೆ ಬೇಕಾಗುವುದು ಅಂದಾಜು ಏಳೆಂಟು ಯೂನಿಟ್. ಮನೆಯ ದರದಲ್ಲಿ ಲೆಕ್ಕ ಹಾಕಿದರೂ ಐವತ್ತು ರೂಪಾಯಿ ದಾಟದ ಕರೆಂಟ್. ಅಷ್ಟು ಕರೆಂಟ್ ಸಿಗದಿದ್ದರೆ, ಲೀಟರಿಗೆ 35 ರೂಪಾಯಿ ಹಿಡಿದರೂ, ಹೋಗುವುದು 17,500 ರೂಪಾಯಿಯ ಹಾಲು. ಅದೂ ಒಂದು ಹೊತ್ತಿನದು. ಆ ಸಂಘದಲ್ಲಿ ಡೀಸೆಲ್ ಜನರೇಟರ್ ಇತ್ತು. ಆದರೆ ಅದನ್ನು ಚಾಲೂ ಮಾಡುವ ಪುಟ್ಟ ಬ್ಯಾಟರಿ ಯಾವತ್ತೋ ಸತ್ತುಹೋಗಿತ್ತು, ಯಾರೂ ನೋಡಿರಲಿಲ್ಲ. ನಾಲ್ಕು ಲೀಟರ್ ಡೀಸೆಲ್‌ನಲ್ಲಿ ಮುಗಿಯಬೇಕಾಗಿದ್ದ ಕೆಲಸ. ಮೂರು ಹೊತ್ತಿನ ಹಾಲನ್ನು ಹಿಂದಿನ ಚರಂಡಿಗೆ ಸುರಿದರು. ಕ್ಯಾನ್ ಬಗ್ಗಿಸುತ್ತಿದ್ದ ಹೆಂಗಸೊಬ್ಬರು ಮುಖ ಆ ಕಡೆ ತಿರುಗಿಸಿಕೊಂಡಿದ್ದರು.

ನಿಮ್ಮ ಮನೆಗೋ ಅಂಗಡಿಗೋ ಇದೇ ಲೆಕ್ಕವನ್ನು ಒಂದು ಹಾಳೆಯಲ್ಲಿ ಹಾಕಿ. ದಿನಕ್ಕೆ ಏನು ಕೊಳೆಯುತ್ತದೆ, ಎಷ್ಟು ದುಡಿಮೆ ನಿಲ್ಲುತ್ತದೆ, ಯಾರ ಔಷಧ ಹಾಳಾಗುತ್ತದೆ. ದಿನದ ನಷ್ಟವನ್ನು ದಿನಗಳಿಂದ ಗುಣಿಸಿ. ಬಂದ ಮೊತ್ತ 4,000 ಆದರೆ ಲಕ್ಷದ ಸಾಮಾನು ಬೇಡ. 80,000 ಆದರೆ ಯುಪಿಎಸ್ ಸಾಲದು.

ಮೂರನೆಯದು, ವಿಪತ್ತು ಹೋದ ಮೇಲೆ ನಿಮ್ಮ ಅಂಗಳದಲ್ಲಿ ಏನು ಉಳಿಯುತ್ತದೆ ಎನ್ನುವುದು. ಬಿಸಿಲೋ, ಹರಿಯುವ ನೀರೋ, ಇಂಧನ ತರುವ ದಾರಿಯೋ? 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯ ಕಂಬಗಳನ್ನು ಮಲಗಿಸಿತು. ಚಂಡಮಾರುತ ದಾಟಿಹೋದ ಮೇಲೆ ಬಿಸಿಲು ಮರಳುತ್ತದೆ. ಮಲೆನಾಡಿನಲ್ಲಿ ಹಾಗಲ್ಲ, ಕರೆಂಟ್ ಹೋದಷ್ಟು ದಿನವೂ ಮೋಡ ಕವುಚಿಕೊಂಡೇ ಇರುತ್ತದೆ, ಆದರೆ ಹಳ್ಳ ಉಕ್ಕಿ ಹರಿಯುತ್ತದೆ. ದಾರಿಯ ಮಾತಿಗೆ, 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋದದ್ದನ್ನು ನೆನಪಿಸಿಕೊಳ್ಳಿ. ಹೆದ್ದಾರಿಯ ಗತಿಯೇ ಹಾಗಾದರೆ ನಮ್ಮ ಘಾಟಿ ದಾರಿಗಳನ್ನು ನಂಬಿ ಪೆಟ್ರೋಲ್ ಬರುತ್ತದೆಂದು ಕೂರುವಂತಿಲ್ಲ.

ಕೊನೆಯದಾಗಿ, ನಡೆಸುವವರು ಯಾರು? ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ ಇರುವ ಮನೆಗೆ, ಹಗ್ಗ ಎಳೆದು ಚಾಲೂ ಮಾಡುವ ಜನರೇಟರ್ ಕೊಡಿಸಿ ಬೆಂಗಳೂರಿಗೆ ಹೊರಟುಬರುವ ಮಕ್ಕಳನ್ನು ಕಂಡಿದ್ದೇನೆ. ಅದು ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಮಲಗಿರುತ್ತದೆ.

ಯುಪಿಎಸ್, ಟ್ಯೂಬುಲರ್ ಬ್ಯಾಟರಿ

ಇಂದು ಹೆಚ್ಚಿನ ಮನೆಗಳಲ್ಲಿ ಇರುವುದು ಇದೇ ಸೀಸದ ಬ್ಯಾಟರಿ. 12 ವೋಲ್ಟ್, 150 ಎಎಚ್ ಬ್ಯಾಟರಿ ಎಂದರೆ ಲೆಕ್ಕದಲ್ಲಿ 1.8 ಯೂನಿಟ್. ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಬಳಸಬೇಕು, ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ. ಕೈಗೆ ಸಿಗುವುದು ಸುಮಾರು ಒಂದು ಯೂನಿಟ್. ನಾಲ್ಕು ಎಲ್‌ಇಡಿ ಬಲ್ಬು, ಮೂರು ಮೊಬೈಲ್ ಆದರೆ ದಿನಕ್ಕೆ ಕಾಲು ಯೂನಿಟ್ ಸಾಕು. ಆ ಲೆಕ್ಕದಲ್ಲಿ ನಾಲ್ಕು ದಿನ ಬರಬೇಕಲ್ಲ? ಬರುವುದಿಲ್ಲ. ಏನೂ ಉರಿಯದಿದ್ದರೂ ಇನ್ವರ್ಟರ್ ತಾನು ಎಚ್ಚರವಾಗಿರಲು ಹತ್ತಿಪ್ಪತ್ತು ವ್ಯಾಟ್ ಕುಡಿಯುತ್ತಿರುತ್ತದೆ. ದಿನಕ್ಕೆ ಅದೇ ಕಾಲು ಯೂನಿಟ್‌ನಿಂದ ಅರ್ಧ ಯೂನಿಟ್. ಮಲಗುವಾಗ ಯುಪಿಎಸ್ ಸ್ವಿಚ್ಚನ್ನೇ ಆರಿಸಿದರೆ ಒಂದು ದಿನ ಹೆಚ್ಚು ಸಿಗುತ್ತದೆ. ಫ್ರಿಜ್ ಜೋಡಿಸಿದಿರೋ, ಒಂದೇ ದಿನ.

ಇದರ ಇನ್ನೊಂದು ತೊಂದರೆ ಆಮೇಲೆ ಗೊತ್ತಾಗುತ್ತದೆ. ಪೂರ್ತಿ ಇಳಿದ ಸೀಸದ ಬ್ಯಾಟರಿಯನ್ನು ಚಾರ್ಜ್ ಇಲ್ಲದೆ ವಾರಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟುಗಳಿಗೆ ಸಲ್ಫೇಟ್ ಹಿಡಿಯುತ್ತದೆ. ಕರೆಂಟ್ ಬಂದ ಮೇಲೆ ಚಾರ್ಜ್ ಆದಂತೆ ಕಾಣುತ್ತದೆ, ಅರ್ಧ ಗಂಟೆಗೆ ಕೈಕೊಡುತ್ತದೆ. ಇನ್ವರ್ಟರ್ ಸೇರಿ 22ರಿಂದ 28 ಸಾವಿರದೊಳಗೆ ಮುಗಿಯುತ್ತದೆ, ಯಾವ ಪೇಟೆಯಲ್ಲೂ ರಿಪೇರಿಯವರು ಸಿಗುತ್ತಾರೆ. ಎರಡು ದಿನದೊಳಗೆ ಕರೆಂಟ್ ಬರುವ ಊರಿನವರಿಗೆ ಇಷ್ಟು ಸಾಕು, ಇನ್ನೇನೂ ಬೇಡ.

ಲಿಥಿಯಂ

ಅಷ್ಟೇ ಕರೆಂಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ಸರಿಸುಮಾರು ಎರಡು ಪಟ್ಟು ದುಡ್ಡು. ಬದಲಿಗೆ ಸಿಗುವುದು: 80-90 ಶೇಕಡಾ ಬಳಸಬಹುದು, 2000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದು, ನೀರು ಹಾಕುವ ತಲೆಬಿಸಿ ಇಲ್ಲ, ಅರೆಬರೆ ಚಾರ್ಜಿನಲ್ಲಿ ಬಿಟ್ಟರೂ ಕೆಡುವುದಿಲ್ಲ. ಆದರೆ ಮಳೆನಾಡಿನವರಿಗೆ ನಿಜವಾಗಿ ಮುಖ್ಯವಾದ ಗುಣ ಅದು ಬೇಗ ತುಂಬುತ್ತದೆ ಎನ್ನುವುದು. ಸೀಸದ ಬ್ಯಾಟರಿ ತುಂಬಲು ಹತ್ತು ಗಂಟೆ ಬೇಕಾದರೆ ಇದಕ್ಕೆ ಮೂರು-ನಾಲ್ಕು ಗಂಟೆ. ದುರಸ್ತಿಯ ನಡುವೆ ಕರೆಂಟ್ ಎರಡು ಗಂಟೆ ಬಂದು ಹೋಗುವುದುಂಟು, ಆ ಎರಡು ಗಂಟೆಯಲ್ಲಿ ಲಿಥಿಯಂ ಹಂಡೆ ಅರ್ಧ ತುಂಬಿರುತ್ತದೆ. ನಿಮ್ಮ ಹಳೆಯ ಇನ್ವರ್ಟರ್‌ಗೆ ಲಿಥಿಯಂ ಹೊಂದುತ್ತದೆಯೇ ಎಂದು ಕೇಳಿಯೇ ಕೊಳ್ಳಿ.

ಜನರೇಟರ್

ಬಾವಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದು. ಸಣ್ಣ ಪೆಟ್ರೋಲ್ ಜನರೇಟರ್ ಒಂದು ಲೀಟರಿಗೆ ಹೆಚ್ಚೆಂದರೆ ಒಂದೂವರೆ ಯೂನಿಟ್ ಕೊಡುತ್ತದೆ. ಇಂದಿನ ಬೆಲೆಯಲ್ಲಿ ಯೂನಿಟ್‌ಗೆ 70 ರೂಪಾಯಿ ಆಸುಪಾಸು. ಡೀಸೆಲ್ಲಿನದು ಸರಿಯಾದ ಲೋಡ್ ಇದ್ದರೆ ಮೂರು ಯೂನಿಟ್‌ವರೆಗೆ ಕೊಡುತ್ತದೆ. 30 ರೂಪಾಯಿಯ ಸುತ್ತಮುತ್ತ. ದುಬಾರಿ ಎನ್ನಿಸುತ್ತದೆ. ಹಾಲಿನ ಲೆಕ್ಕ ನೆನಪಿದ್ದರೆ ಅನ್ನಿಸುವುದಿಲ್ಲ. ಹಿಟ್ಟಿನ ಗಿರಣಿ, ಬೇಕರಿ, ಕೋಳಿ ಫಾರಂ, ಹಾಲಿನ ಸಂಘ ಇವರಿಗೆಲ್ಲ ಡೀಸೆಲ್ ಬಿಟ್ಟರೆ ಬೇರೆ ದಾರಿ ಇಲ್ಲ. ಮೂರು ಫೇಸಿನ ಮೋಟರ್‌ಗಳನ್ನು ಬ್ಯಾಟರಿಯಿಂದ ಓಡಿಸಲು ಹೊರಟರೆ ಮನೆ ಮಾರಬೇಕಾಗುತ್ತದೆ. ಒಂದು ಎಚ್ಚರಿಕೆ: ಮೋಟರ್ ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. 1 ಎಚ್‌ಪಿ ಪಂಪಿಗೆ 1 ಕೆವಿಎ ಜನರೇಟರ್ ಸಾಲದು, ಕನಿಷ್ಠ ಎರಡೂವರೆ-ಮೂರು ಬೇಕು.

ಮನೆಯವರಿಗೆ ನಾನು ಹೇಳುವುದು, ದಿನವಿಡೀ ಓಡಿಸಬೇಡಿ. ಸಂಜೆ ಎರಡು ಗಂಟೆ ಓಡಿಸಿ. ಅಷ್ಟರಲ್ಲಿ ಪಂಪ್ ಹಾಕಿ ಟ್ಯಾಂಕ್ ತುಂಬಿಸಿ, ಫ್ರಿಜ್ ತಣಿಯಲಿ, ಮಿಕ್ಸಿ ಕೆಲಸ ಮುಗಿಯಲಿ, ಲಿಥಿಯಂ ಬ್ಯಾಟರಿ ಆದಷ್ಟು ತುಂಬಲಿ. ದಿನಕ್ಕೆ ಎರಡು ಲೀಟರ್ ಪೆಟ್ರೋಲಿನಲ್ಲಿ ವಾರ ಕಳೆಯಬಹುದು. ಹಳ್ಳ ಇಲ್ಲದ, ಬಿಸಿಲೂ ಬಾರದ ಮನೆಗೆ ಹಂಡೆ-ಬಾವಿಯ ಈ ಜೋಡಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಒಟ್ಟು ಖರ್ಚು ಲಕ್ಷದ ಆಸುಪಾಸು.

ಇಲ್ಲಿ ಎರಡು ವಿಷಯ ಗಟ್ಟಿಯಾಗಿ ಹೇಳಲೇಬೇಕು. ಮಳೆ ಹೊಡೆಯುತ್ತದೆಂದು ಜನರೇಟರನ್ನು ಜಗಲಿಗೋ ಬಚ್ಚಲಿಗೋ ತಂದು ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. 2020ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಲಾರಾ ಚಂಡಮಾರುತಕ್ಕೆ ಬಲಿಯಾದವರಲ್ಲಿ ಹಲವರು ಸತ್ತದ್ದು ಗಾಳಿಗೆ ಸಿಕ್ಕಿ ಅಲ್ಲ, ಜನರೇಟರ್ ಹೊಗೆಗೆ ಸಿಕ್ಕಿ. ಮನೆಯಿಂದ ದೂರ, ಕಿಟಕಿಗೆ ಬೆನ್ನು ಮಾಡಿ, ಮೇಲೆ ತಗಡು, ನಾಲ್ಕೂ ಕಡೆ ಬಯಲು. ಹಾಗೆಯೇ ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಒಂದೋ ಲೈನಿಗೆ, ಇಲ್ಲ ಜನರೇಟರಿಗೆ ಮಾತ್ರ ಜೋಡಿಸುವುದು) ಇಲ್ಲದೆ ಮನೆಯ ಪ್ಲಗ್ಗಿಗೆ ಜನರೇಟರ್ ಚುಚ್ಚಬೇಡಿ. ನಿಮ್ಮ ಕರೆಂಟ್ ಹಿಮ್ಮುಖವಾಗಿ ಟೀಸಿಗೆ ಹೋಗಿ ಸಾವಿರಾರು ವೋಲ್ಟ್ ಆಗುತ್ತದೆ. ಆ ಕಂಬದ ಮೇಲೆ, ಸತ್ತ ಲೈನ್ ಎಂದು ನಂಬಿಕೊಂಡು, ನಿಮಗೋಸ್ಕರವೇ ಹತ್ತಿರುವ ಲೈನ್‌ಮನ್ ಇರುತ್ತಾನೆ.

ಸೋಲಾರ್

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ಮನೆಯ ಮಾಡಿನ ಮೇಲೆ ಸೋಲಾರ್ ಹಾಕಿಸಲು ಕೇಂದ್ರ ಸರ್ಕಾರ ನೆರವು ಕೊಡುವ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ. ಆದರೆ ಲೈನಿಗೆ ಜೋಡಿಸುವ ಮಾಮೂಲಿ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಹಾಗೆ ನಿಲ್ಲಬೇಕೆಂದೇ ನಿಯಮ, ಮೇಲೆ ಹೇಳಿದ ಲೈನ್‌ಮನ್ ಜೀವಕ್ಕಾಗಿ. ತಲೆಯ ಮೇಲೆ ಸುಡುಬಿಸಿಲು, ಮನೆಯೊಳಗೆ ಕತ್ತಲೆ. ವಿಪತ್ತಿಗೆ ಬೇಕಾದದ್ದು ಬ್ಯಾಟರಿ ಸಮೇತ ಹೈಬ್ರಿಡ್ ಇನ್ವರ್ಟರ್, ಅಂದರೆ ಲೈನ್ ಸತ್ತಾಗಲೂ ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಕೊಡುವಂಥದ್ದು. ಆ ಹೆಚ್ಚಿನ ಖರ್ಚು ನಿಮ್ಮದೇ. ಮಾರುವವರ ಹತ್ತಿರ ಒಂದೇ ಪ್ರಶ್ನೆ ಕೇಳಿ: "ಮೇನ್ ಇಳಿಸಿದರೆ ನನ್ನ ಮನೆಯ ಯಾವ ಯಾವ ಪಾಯಿಂಟ್ ಉರಿಯುತ್ತದೆ?" ಬಿಲ್ಲು ಉಳಿಯುತ್ತದೆ ಎನ್ನುವ ಮಾತಿಗೆ ಮರುಳಾಗಬೇಡಿ. ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ಲು ಬರುವ ಮನೆಗೆ ಬಿಲ್ಲಿನ ಲೆಕ್ಕದಲ್ಲಿ ಸೋಲಾರ್ ಗಿಟ್ಟುವುದಿಲ್ಲ. ಕತ್ತಲೆಯ ದಿನಗಳ ನಷ್ಟದ ಲೆಕ್ಕದಲ್ಲಿ ಗಿಟ್ಟುತ್ತದೆಯೇ ನೋಡಿ.

ಒಂದು ಕಿಲೋವ್ಯಾಟ್ ಪ್ಯಾನೆಲ್ ಒಳ್ಳೆ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಆಗುಂಬೆ ಸುತ್ತಿನ ಜುಲೈ ಮೋಡದಲ್ಲಿ ಒಂದು ಯೂನಿಟ್ ಬಂದರೆ ಹೆಚ್ಚು. ಹಾಗಾಗಿ ದಟ್ಟ ಮಲೆನಾಡಿನವರಿಗೆ ನಾನು ಸೋಲಾರನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಕರಾವಳಿಯ ಬಯಲು, ಬೆಳಗಾವಿ-ಬಾಗಲಕೋಟೆಯ ನದಿ ದಡದವರಿಗೆ ಖಂಡಿತ ಹೇಳುತ್ತೇನೆ. ಕೃಷ್ಣೆಗೆ ನೆರೆ ಬರುವುದು ಎಷ್ಟೋ ಸಲ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದ ಮಳೆಯಿಂದ. ನೀರು ಊರಿಗೆ ನುಗ್ಗಿದಾಗ ಇಲ್ಲಿ ಬಿಸಿಲೂ ಇರಬಹುದು. ಆದರೆ ಅವರು ಇನ್ವರ್ಟರ್, ಬ್ಯಾಟರಿ ಎರಡನ್ನೂ ಮಾಳಿಗೆಯ ಮೇಲೆ ಇಡಬೇಕು. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಮೇಲಿನ ಗುರುತು ಹೇಳುತ್ತದೆ, ಅದಕ್ಕಿಂತ ಎರಡಡಿ ಮೇಲೆ.

ಹಳ್ಳದ ಕರೆಂಟ್: ಪಿಕೋ ಹೈಡ್ರೋ

ತೋಟದ ಮೇಲಿಂದ ಹಳ್ಳ ಇಳಿಯುವ ಪುಣ್ಯವಂತರಿಗೆ ಮಾತ್ರ ಈ ಭಾಗ. ಪಿಕೋ ಹೈಡ್ರೋ ಎಂದರೆ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ, ಪುಟ್ಟ ಟರ್ಬೈನ್ ತಿರುಗಿಸಿ ಕರೆಂಟ್ ಮಾಡುವುದು. ಮಲೆನಾಡಿನ, ಕೊಡಗಿನ ಎಷ್ಟೋ ಒಂಟಿ ಮನೆಗಳು ಲೈನ್ ಬರುವ ಮೊದಲೇ ಇದರಿಂದ ಬೆಳಗಿದ್ದವು. ಲೈನ್ ಬಂದ ಮೇಲೆ ಹಲವರು ತೆಗೆದಿಟ್ಟರು. ತಿರುಗಿ ಹಾಕಿ ಎನ್ನುತ್ತೇನೆ. ಮಳೆ ಜೋರಾದಷ್ಟೂ ಲೈನ್ ಬೀಳುತ್ತದೆ, ಮಳೆ ಜೋರಾದಷ್ಟೂ ಟರ್ಬೈನ್ ಓಡುತ್ತದೆ. ಇಷ್ಟು ಸರಿಯಾಗಿ ಹೊಂದುವ ಬಾವಿ ನಮಗೆ ಬೇರೆ ಇಲ್ಲ.

ಲೆಕ್ಕ ಸುಲಭ. ಸೆಕೆಂಡಿಗೆ ಬರುವ ನೀರಿನ ಲೀಟರ್, ನೀರು ಇಳಿಯುವ ಎತ್ತರದ ಮೀಟರ್, ಎರಡನ್ನೂ ಗುಣಿಸಿ ಮತ್ತೆ ಐದರಿಂದ ಗುಣಿಸಿ. ಬರುವುದು ಅಂದಾಜು ವ್ಯಾಟ್. 20 ಲೀಟರಿನ ಬಕೆಟ್ ನಾಲ್ಕು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಎತ್ತರ 20 ಮೀಟರ್ ಇದ್ದರೆ 500 ವ್ಯಾಟ್. ಸಣ್ಣದು ಎನ್ನಿಸಬಹುದು, ಆದರೆ ಇದು ಹಗಲೂ ರಾತ್ರಿ ಓಡುತ್ತದೆ: ದಿನಕ್ಕೆ 12 ಯೂನಿಟ್. ಫ್ರಿಜ್, ದೀಪ, ಮಿಕ್ಸಿ, ಟಿವಿ ಎಲ್ಲಾ ಮುಗಿದು ಇನ್ನೂ ಉಳಿಯುತ್ತದೆ.

ಕಷ್ಟ ಇಲ್ಲದೆ ಇಲ್ಲ. ಟರ್ಬೈನಿಗಿಂತ ಪೈಪಿಗೇ ಹೆಚ್ಚು ದುಡ್ಡಾಗಬಹುದು. ಬೆಳಿಗ್ಗೆ ಎದ್ದು ಇಂಬಳ ಕಚ್ಚಿಸಿಕೊಂಡು ಮೇಲೆ ಹತ್ತಿ ಜಾಲರಿಗೆ ಕಟ್ಟಿಕೊಂಡ ಎಲೆ ತೆಗೆಯಬೇಕು. ಎರಡು ದಿನ ಬಿಟ್ಟರೆ ಬಲ್ಬು ಮಂಕಾಗುತ್ತದೆ. ಗುಡ್ಡ ಜರಿದರೆ ಪೈಪು ಹೋಗುತ್ತದೆ. ಜನವರಿ-ಫೆಬ್ರವರಿಗೆ ಹಳ್ಳ ಸೊರಗುತ್ತದೆ. ಕೆಳಗಿನ ಮನೆಯವರೂ ಅದೇ ನೀರು ನಂಬಿಕೊಂಡಿದ್ದರೆ ಮೊದಲು ಅವರ ಜೊತೆ ಕೂತು ಮಾತಾಡಿ, ಬಳಸಿದ ನೀರನ್ನು ತಿರುಗಿ ಹಳ್ಳಕ್ಕೇ ಬಿಡಿ.

ಕರೆಂಟ್ ಕೂಡಿಡುವ ಬದಲು

ಎಲ್ಲವನ್ನೂ ಬ್ಯಾಟರಿಯಲ್ಲೇ ತುಂಬಿಡಬೇಕಿಲ್ಲ. ಎತ್ತರದಲ್ಲಿ ಇನ್ನೊಂದು ಸಾವಿರ ಲೀಟರಿನ ನೀರಿನ ಟ್ಯಾಂಕ್ ಇಟ್ಟರೆ ಮೂರು ದಿನ ಪಂಪಿನ ಚಿಂತೆ ಇಲ್ಲ. ಪಂಪನ್ನು ಪಟ್ಟಿಯಿಂದ ತೆಗೆದರೆ ಇನ್ವರ್ಟರ್ ಗಾತ್ರ ಅರ್ಧಕ್ಕಿಳಿಯುತ್ತದೆ. ಔಷಧ ಅಂಗಡಿಯವರು, ಪಶುವೈದ್ಯರು ಐಸ್ ಲೈನ್ಡ್ ರೆಫ್ರಿಜರೇಟರ್ ವಿಚಾರಿಸಿ. ಲಸಿಕೆ ಇಡಲು ಆರೋಗ್ಯ ಕೇಂದ್ರಗಳಲ್ಲಿ ಬಳಸುವಂಥದ್ದು. ಅದರ ಗೋಡೆಯೊಳಗಿನ ಮಂಜುಗಡ್ಡೆ ಕರೆಂಟ್ ಇಲ್ಲದೆಯೂ 2ರಿಂದ 8 ಡಿಗ್ರಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ, ದಿನಕ್ಕೆ ಕೆಲವು ಗಂಟೆ ಜನರೇಟರ್ ಸಾಕು.

ಕೈಯಲ್ಲಿ ಐದು ಸಾವಿರ ಮಾತ್ರ ಇದೆ ಎನ್ನುವವರು ಯಾವ ಕಂತಿಗೂ ಹೋಗಬೇಡಿ. ಮೂರು ಚಾರ್ಜಬಲ್ ಎಲ್‌ಇಡಿ ದೀಪ, 20,000 ಎಂಎಎಚ್‌ನ ಎರಡು ಪವರ್ ಬ್ಯಾಂಕ್, ಬೈಕಿನಿಂದ ಮೊಬೈಲ್ ಚಾರ್ಜ್ ಮಾಡುವ ವಯರ್. ಒಂದು ವಾರ ಫೋನೂ ಬೆಳಕೂ ಉಳಿಯುತ್ತದೆ. ಹತ್ತು ಮನೆ ಒಟ್ಟಿಗಿರುವ ಕಡೆ ಎಲ್ಲರೂ ಒಂದೊಂದು ಸಣ್ಣ ಜನರೇಟರ್ ಕೊಳ್ಳುವ ಬದಲು ಒಂದು ಒಳ್ಳೆಯದನ್ನು ಕೊಂಡು ಸರದಿಯ ಮೇಲೆ ಬಳಸಿ. ಮತ್ತು ಮೇ ತಿಂಗಳಲ್ಲೇ ಎಲ್ಲರೂ ಸೇರಿ, ಲೈನಿನ ಮೇಲೆ ಬಾಗಿದ ಕೊಂಬೆಗಳ ಪಟ್ಟಿ ಮಾಡಿ ವಿದ್ಯುತ್ ಕಚೇರಿಗೆ ಕೊಡಿ, 1912ಕ್ಕೂ ಹೇಳಿ. ನೀವೇ ಕಡಿಯಲು ಹೋಗಬೇಡಿ.

ಏನೇ ಕೊಂಡರೂ ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಮೇನ್ ಇಳಿಸಿ, ಸೋಮವಾರ ಬೆಳಿಗ್ಗೆವರೆಗೆ ಹಾಗೇ ಬದುಕಿ ನೋಡಿ. ನಾವು ಮೊದಲ ಸಲ ಹಾಗೆ ಮಾಡಿದಾಗ ದೀಪ ಉರಿಯಿತು, ಫ್ರಿಜ್ ಓಡಿತು, ಇನ್ವರ್ಟರ್ ಮೇಲೆ ಪಂಪ್ ಮಾತ್ರ ಹೊರಡಲಿಲ್ಲ. ಸೇದೋಣವೆಂದು ಬಾವಿಕಟ್ಟೆಗೆ ಹೋದರೆ ರಾಟೆ ತುಕ್ಕು ಹಿಡಿದು ಕೂತಿತ್ತು, ಹಗ್ಗವನ್ನು ಯಾವಾಗಲೋ ದನ ಕಟ್ಟಲು ಬಿಚ್ಚಿಕೊಂಡಿದ್ದೆವು. ಸೋಮವಾರ ಪೇಟೆಗೆ ಹೋದಾಗ ಮೊದಲು ತಂದದ್ದು ಹೊಸ ರಾಟೆ, ಹದಿನೈದು ಮಾರು ಹಗ್ಗ.